ಉಸಿರೆಳೆದಾಗ ಏಳುವ ನರ

ಪ್ರೀತಿಯ ಅಣ್ಣನಿಗೆ,

"ಪ್ರೀತಿಯ" ಎಂದು ಬರೆದದ್ದು ಬರೀ ಕೈಯ ಅಭ್ಯಾಸ. ಅಳಿಸುವುದಿಲ್ಲ, ಆದರೆ ಅದನ್ನು ನಂಬಿ ಎದೆಯುಬ್ಬಿಸಿಕೊಳ್ಳಬೇಡ. ಕೂತುಕೋ. ಬಣ್ಣದ ಕೋಣೆಯಲ್ಲಿ, ನಿನ್ನ ಕನ್ನಡಿಯ ಮುಂದೆ, ಒಂದು ಕಾಲಿಗೆ ರಟ್ಟು ಮಡಚಿಟ್ಟ ಆ ಕುರ್ಚಿಯಲ್ಲೇ ಕೂತು ಓದು. ನನ್ನನ್ನು ಕೂಗಬೇಡ, ನಾನಿಲ್ಲ. ಬಣ್ಣದ ಪೆಟ್ಟಿಗೆಯನ್ನು ಹುಡುಕಬೇಡ, ಅದೂ ಇಲ್ಲ. ನಾಲ್ಕು ಗಂಟೆಯ ಆಟಕ್ಕೆ ನೀನು ಮೂರಕ್ಕೇ ಬರುತ್ತೀಯ ಎಂದು ನನಗೆ ಗೊತ್ತು. ನಿನ್ನೆ ಆಸ್ಪತ್ರೆಯ ಹಾಸಿಗೆಯಿಂದ ಯಾರಿಗೂ ಹೇಳದೆ ಎದ್ದುಹೋಗಿ, ದಿಂಬಿನ ಮೇಲೆ ಚೀಟಿ ಬಿಟ್ಟಿದ್ದೆಯಲ್ಲ, "ನೂರನೇ ಆಟ ಮುಗಿಸಿ ಬರ್ತೀನಿ, ಡಾಕ್ಟರಮ್ಮನಿಗೆ ಹೇಳು" ಅಂತ! ಭಲೆ! ಭಲೆ ಮಹಾನಟನೇ! ಎಂಥ ನಿರ್ಗಮನ! ಅದನ್ನು ನೋಡುವುದಕ್ಕೆ ಇದ್ದದ್ದು ಪಕ್ಕದ ಹಾಸಿಗೆಯ ಮುದುಕ ಒಬ್ಬನೇ. ನಾನು ಹಾಲಿನ ಲೋಟ ಹಿಡಿದು ಒಳಗೆ ಬಂದರೆ ಅವನು ಕಣ್ಣರಳಿಸಿ ಕೇಳಿದ: "ಓಡೋದ್ರಲ್ಲಮ್ಮ! ಆ ಕಾಲಲ್ಲಿ?"

ಹೌದು, ಆ ಕಾಲಲ್ಲಿ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುವ ಆ ಕಾಲಲ್ಲಿ.

ಇಪ್ಪತ್ತೆರಡು ವರ್ಷ ನಾನು ಬಣ್ಣ ಬಳಿದೆ, ನೀನು ಮಾತಾಡಿದೆ. ಇವತ್ತು ರಂಗ ನನ್ನದು. ನಡುವೆ ಬಾಯಿ ಹಾಕಬೇಡ.

ಹೋದ ವರ್ಷ ಸೇನಾಪತಿಯ ಪಾರ್ಟಿನ ಬೂಟು ನಿನ್ನ ಕಾಲಿಗೆ ಹತ್ತಲಿಲ್ಲ. "ಚರ್ಮ ಕುಗ್ಗಿದೆ" ಅಂದೆ. ಚರ್ಮ ಕುಗ್ಗಿತ್ತಂತೆ! ಆಮೇಲೆ ನಡುಪಟ್ಟಿ; ಮೂರು ತಿಂಗಳಲ್ಲಿ ನಾಲ್ಕು ಸಲ ಅದರ ಕೊಕ್ಕೆ ಬಿಚ್ಚಿ ಹಿಂದಕ್ಕೆ ಹೊಲಿದೆ. ಕೆನ್ನೆ ಒಳಗೆ ಹೋಗುತ್ತಿದೆ, ತೋಳು ಕಡ್ಡಿಯಾಗುತ್ತಿದೆ, ಹೊಟ್ಟೆ ಮಾತ್ರ ಗಡಿಗೆ ಕಟ್ಟಿಕೊಂಡ ಹಾಗೆ ಮುಂದೆ! ಕಂಪನಿಯವರು ಕುಡೀತಾನೆ ಅಂದರು. ನೀನು ಒಂದು ದಿನವಾದರೂ ಅಲ್ಲ ಅಂದೆಯಾ? ತೂರಾಡಿ ತೋರಿಸಿದೆ! ಹನಿ ಹೆಂಡ ಮುಟ್ಟದವನು, ಆರು ಮೆಟ್ಟಿಲು ಹತ್ತಿ ಉಸಿರು ಸಿಗದೆ ನಿಂತಾಗ ಗೋಡೆ ಹಿಡಿದು ಬಿಕ್ಕಳಿಕೆ ನಟಿಸಿದೆ. ನಾನು ಅವರ ಮೇಲೆ ಜಗಳಕ್ಕೆ ಹೊರಟರೆ ನನ್ನ ರಟ್ಟೆ ಹಿಡಿದು ಹೇಳಿದೆ: "ಸುಮ್ನಿರೇ ಬಣ್ಣದ ಡಬ್ಬಿ. ಕುಡುಕನಿಗೆ ಪಾರ್ಟು ಕೊಡ್ತಾರೆ, ರೋಗಿಗೆ ಕೊಡಲ್ಲ."

ನಾನು ನಕ್ಕೆ. ಮೂರ್ಖಳ ಹಾಗೆ, ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಈಗ ಕತ್ತಿನ ವಿಷಯ. ಮೂರನೇ ಅಂಕ. ತನ್ನ ಕೋಟೆಯೊಳಗೇ ಬಂದಿಯಾದ ಮುದಿ ಸೇನಾಪತಿ, ಮುಚ್ಚಿದ ಬಾಗಿಲ ಮುಂದೆ. ನೀನು ಗಲ್ಲ ಎತ್ತುತ್ತೀಯ. ಎದೆ ತುಂಬ ಉಸಿರು ಎಳೆದುಕೊಳ್ಳುತ್ತೀಯ. "ಯಾರಲ್ಲಿ! ತೆಗೆಯಿರಿ ಬಾಗಿಲು!" ಎಂಬ ಗರ್ಜನೆಗೆ ಇನ್ನೂ ಒಂದು ಗಳಿಗೆ ಇದೆ. ಆ ಮೌನದಲ್ಲಿ, ದವಡೆಯ ಕೆಳಗಿಂದ ಕೊರಳೆಲುಬಿನವರೆಗೆ, ನಿನ್ನ ಬಲಗತ್ತಿನ ನರ ಎದ್ದು ನಿಲ್ಲುತ್ತಿತ್ತು. ಅರಚುವಾಗ ಯಾವ ನಟನ ನರವಾದರೂ ಉಬ್ಬುತ್ತದೆ. ನಿನ್ನದು ಅರಚುವುದಕ್ಕೆ ಮೊದಲೇ ಉಬ್ಬುತ್ತಿತ್ತು, ಉಸಿರು ಒಳಗೆ ಹೋಗುವಾಗ! ಮೊದಲು ಕಂಡವನು ದೀಪದ ಮಾಮ. "ಏನು ಸಾಧನೆಯಮ್ಮ ನಿಮ್ಮಣ್ಣಂದು! ಕೋಪ ಬಾಯಿಗೆ ಬರೋಕೆ ಮುಂಚೆ ಕತ್ತಿಗೆ ಬರುತ್ತಲ್ಲ!" ಅಂತ ಕುಣಿದಾಡಿ, ಬಲಗಡೆಯ ಕಂಬಕ್ಕೆ ಅದಕ್ಕೆಂದೇ ಒಂದು ದೀಪ ಬಿಗಿದ. ದರ್ಜಿ ಅಂಗಿಯ ಕತ್ತನ್ನು ಎರಡು ಬೆರಳು ಇಳಿಸಿ ಕತ್ತರಿಸಿದ. ಮತ್ತೆ ನಾನು? ನಾನು ನೀಲಿ ಪೆನ್ಸಿಲ್ ತೆಗೆದುಕೊಂಡು ಆ ನರದ ಗುಂಟ ಗೆರೆ ಎಳೆದೆ! ಕೊನೆಯ ಸಾಲಿನವರಿಗೂ ಕಾಣಲಿ ಅಂತ!

ಎಲ್ಲರೂ ಸೇರಿ ನಿನ್ನ ಕಾಯಿಲೆಗೆ ಸಿಂಗಾರ ಮಾಡಿದೆವು ಅಣ್ಣ. ಎಂಬತ್ತು ಆಟ ಅದಕ್ಕೆ ಶಿಳ್ಳೆ ಬಿತ್ತು.

ಮಂಗಳವಾರ ನೀನು ಮೆಟ್ಟಿಲ ಮೇಲೆ ಕುಸಿದೆ. ಅದಕ್ಕೆ ಮೊದಲು ಮೂರು ಡಾಕ್ಟರು ನಿನ್ನ ಹೊಟ್ಟೆ ಒತ್ತಿ ನೋಡಿ "ಕುಡಿಯೋದು ಬಿಡಿ" ಅಂದಿದ್ದರು, ನೀನು ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿದ್ದೆ. ಅವರ ಮೇಲೂ ನನಗೆ ಕೋಪವಿದೆ. ಆದರೆ ಸುಳ್ಳನ್ನು ಕಲಿಸಿಕೊಟ್ಟವನು ನೀನು, ಒಪ್ಪಿಸಿದವರು ಅವರು. ಈ ಡಾಕ್ಟರಮ್ಮ ಹೊಟ್ಟೆಗೆ ಕೈ ಹಾಕಲಿಲ್ಲ. ಹಾಸಿಗೆಯ ತಲೆಭಾಗವನ್ನು ಅರ್ಧ ಎತ್ತಿ ನಿನ್ನನ್ನು ಒರಗಿಸಿ, ಮುಖವನ್ನು ಎಡಕ್ಕೆ ತಿರುಗಿಸಿ, ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದರು. ಅದು ದೀಪದ ಮಾಮನ ದೀಪ! ಅದೇ ಕೋನ!

"ಮೆಲ್ಲಗೆ ಉಸಿರು ಎಳ್ಕೊಳ್ಳಿ." ಎದ್ದಿತು. "ಬಿಡಿ." ಇಳಿಯಿತು. "ಇನ್ನೊಂದ್ಸಲ."

ಆಮೇಲೆ ನನ್ನನ್ನು ಆಚೆ ಪಕ್ಕದ ಖಾಲಿ ಮಂಚದ ಮೇಲೆ ಮಲಗಿಸಿ, ನನ್ನ ಕತ್ತಿಗೆ ಬೆಳಕು ಹಿಡಿದು, ನಿನಗೇ ತೋರಿಸಿದರಲ್ಲ? ನಾನು ಉಸಿರೆಳೆದೆ, ನನ್ನ ನರ ಸೋತವನ ಹಾಗೆ ಕುಸಿಯಿತು. "ನೋಡಿ, ತಂಗಿದು ಇಳೀತು. ಉಸಿರು ಒಳಗೆ ಹೋಗುವಾಗ ಎದೆ ರಕ್ತಾನೂ ಒಳಗೆ ಎಳ್ಕೊಳ್ಳುತ್ತೆ, ಕತ್ತು ಖಾಲಿ ಆಗ್ಬೇಕು. ನಿಮ್ದು ತುಂಬ್ತಿದೆ. ಹೃದಯದ ಸುತ್ತ ಇರೋ ಚೀಲ ಗಟ್ಟಿಯಾಗಿರಬಹುದು. ಬಂದ ರಕ್ತಕ್ಕೆ ಒಳಗೆ ಜಾಗ ಸಿಕ್ತಿಲ್ಲ. ಇದು ಸುಳಿವು ಅಷ್ಟೆ, ಸ್ಕ್ಯಾನ್ ಮಾಡಿ ಖಚಿತ ಮಾಡ್ಕೋಬೇಕು." ಮಾರನೇ ದಿನ ಸ್ಕ್ಯಾನಿನಲ್ಲಿ ಖಚಿತವಾಯಿತು. ಚೀಲ ಅಲ್ಲಲ್ಲಿ ಮೊಟ್ಟೆಯ ಚಿಪ್ಪಿನಂತೆ ಗಡುಸಾಗಿತ್ತು. ನೂರು ಜನರ ಮುಂದೆ ಬಾಗಿಲು ತೆಗೆಯಿರಿ ಎಂದು ಕೂಗಿದವನೇ, ನಿನ್ನ ರಕ್ತ ನಿನ್ನ ಬಾಗಿಲಲ್ಲೇ ನಿಂತು ತಟ್ಟುತ್ತಿತ್ತು. ಕೇಳಲಿಲ್ಲವಾ?

"ಹಿಂದೆ ಯಾವಾಗ್ಲಾದ್ರೂ ಕ್ಷಯ ಆಗಿತ್ತಾ? ಎಷ್ಟೋ ವರ್ಷದ ಮೇಲೂ ಅದು ಈ ಚೀಲ ಗಟ್ಟಿ ಮಾಡ್ಬಹುದು" ಎಂದು ಆಕೆ ಕೇಳಿದರು. ನೀನು ಕಣ್ಣಿಗೆ ಕಣ್ಣಿಟ್ಟು "ಇಲ್ಲಮ್ಮ" ಅಂದೆ. ಎಷ್ಟು ಚೆನ್ನಾಗಿ ಅಂದೆ! ಆ "ಇಲ್ಲ"ಕ್ಕೆ ಒಂದು ಪದಕ ಕೊಡಬೇಕು. "ಆಗಿತ್ತು" ಅಂದವಳು ನಾನು. ನಿನಗೆ ಆಗ ಹತ್ತೊಂಬತ್ತು. ಆರು ತಿಂಗಳು ನುಂಗಬೇಕಾದ ಮಾತ್ರೆ. ಎರಡನೇ ತಿಂಗಳಿಗೆ ಕೆಮ್ಮು ನಿಂತಿತು, ಕಂಪನಿ ಪ್ರವಾಸ ಹೊರಟಿತು, ನೀನು ಮಾತ್ರೆಗಳನ್ನು ಮುಖದ ಪೌಡರಿನ ಡಬ್ಬಿಯಲ್ಲಿ ಅಡಗಿಸಿ ಹೋದೆ. ಅವು ನನಗೆ ಸಿಕ್ಕವು. ಹನ್ನೊಂದು ವರ್ಷದ ನಾನು ಅಮ್ಮನಿಗೆ ಹೇಳಲಿಲ್ಲ, ನೀನು ಹೇಳಬೇಡ ಅಂದಿದ್ದೆ. ಆವತ್ತೇ ಹೇಳಿದ್ದರೆ? ಬಾಯಿ ಮುಚ್ಚಿಕೊಂಡಿರುವುದನ್ನು ನಾನು ನಿನ್ನಿಂದಲೇ ಕಲಿತೆ. ಆ ಪಾಠವನ್ನು ಇವತ್ತು ವಾಪಸು ಕೊಡುತ್ತಿದ್ದೇನೆ, ತಗೋ!

ಸೋಮವಾರ ಬೆಳಿಗ್ಗೆ ಆಪರೇಷನ್. ಆ ಚಿಪ್ಪನ್ನು ಹೃದಯದ ಮೇಲಿಂದ ಸುಲಿದು ತೆಗೆಯಬೇಕು. ಅಪಾಯವೇ ಇಲ್ಲ ಎಂದು ಡಾಕ್ಟರಮ್ಮ ಹೇಳಲಿಲ್ಲ. ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ನೇರವಾಗಿ ಹೇಳಿದರು. ನೀನೂ ಕೇಳಿಸಿಕೊಂಡೆ. ಕೇಳಿಸಿಕೊಂಡು, ಎದ್ದು, ನೂರನೇ ಆಟಕ್ಕೆ ಹೊರಟೆ! ಇದನ್ನು ಎದೆಗಾರಿಕೆ ಅನ್ನಬೇಡ. ನಾನು ಎದೆಯ ಚಿತ್ರ ನೋಡಿದ್ದೇನೆ. ಇದು ಹೆದರಿಕೆ. ಪರದೆಯ ಮುಂದೆ ಸಾಯಲು ಹೆದರದವನಿಗೆ ಪರದೆಯ ಹಿಂದೆ ಬದುಕಲು ಹೆದರಿಕೆ.

ಕಂಪನಿಯ ಯಜಮಾನರ ಹತ್ತಿರ ಹೋದೆ. "ಒಂದೇ ಒಂದು ಆಟ ಆಡಿಬಿಡ್ಲಿ ಬಿಡಮ್ಮ, ಆಮೇಲೆ ಬೇಕಾದಷ್ಟು ಮಲಗ್ಲಿ" ಅಂದರು. ಮಲಗ್ಲಿ! ಅವರಿಗೆ ನಾನು ಏನಂದೆ ಎಂದು ಇಲ್ಲಿ ಬರೆಯಲಾರೆ, ಕಾಗದ ಸುಟ್ಟುಹೋದೀತು. ದೀಪದ ಮಾಮನಿಗೆ ಹೇಳಿದೆ. ಅವನು ಏಣಿಯ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟ. "ನಾನು ದೀಪ ಹಾಕಿದ್ದು ಅದಕ್ಕಾ?" ಎಂದು ಎರಡು ಸಲ ಕೇಳಿದ. ಆಮೇಲೆ ಎದ್ದು ಏಣಿ ಹತ್ತಿದ. ಹೋಗು, ರಂಗದ ಮೇಲೆ ನಿಂತು ಬಲಗಡೆಯ ಕಂಬ ನೋಡು. ಬರೀ ತಿರುಪಿನ ತೂತುಗಳಿವೆ.

ನಿನ್ನ ಉಡುಪು ಗೂಟದಲ್ಲಿಲ್ಲ, ನೋಡಿದೆಯಾ? ಅದು ನಮ್ಮ ಕಡ್ಡಿ ಹುಡುಗನ ಮೈಮೇಲಿದೆ. ಹೌದು, ಎಂಟು ವರ್ಷದಿಂದ ಭರ್ಜಿ ಹಿಡಿದು ನಿನ್ನ ಹಿಂದೆ ನಿಂತ ಅದೇ ಕಡ್ಡಿ. ಮಧ್ಯಾಹ್ನವೇ ಅವನಿಗೆ ಬಣ್ಣ ಹಚ್ಚಿ ಮುಗಿಸಿದೆ. ನಡುಪಟ್ಟಿ ಅವನಿಗೆ ಎರಡು ಸುತ್ತು ಬರುತ್ತದೆ, ಹಿಂದೆ ಪಿನ್ನು ಚುಚ್ಚಿದ್ದೇನೆ. ಪರದೆಯ ಹಿಂದೆ ಬೆವರುತ್ತಾ ಕೂತಿದ್ದಾನೆ. "ಅಕ್ಕ, ಅಣ್ಣ ನನ್ನನ್ನ ಕೊಂದ್ಬಿಡ್ತಾರೆ" ಅಂದ. "ಮೊದಲು ಅವನು ಬದುಕ್ಲಿ, ಆಮೇಲೆ ನಿನ್ನನ್ನ ಕೊಲ್ತಾನೆ" ಅಂದೆ. ಅವನನ್ನು ಒರಗಿಸಿ, ಟಾರ್ಚು ಹಿಡಿದು, ಮೂರು ಸಲ ಉಸಿರೆಳೆಸಿದೆ. ಮೂರು ಸಲವೂ ನರ ಇಳಿಯಿತು. ಇನ್ನು ಮುಂದೆ ನನ್ನ ಕುರ್ಚಿಯಲ್ಲಿ ಕೂರುವ ಪ್ರತಿಯೊಬ್ಬನ ಕತ್ತನ್ನೂ ನೋಡಿಯೇ ಬಣ್ಣ ಮುಟ್ಟುತ್ತೇನೆ. ನಗುವವರು ನಗಲಿ.

ಕನ್ನಡಿಯ ಕೆಳಗೆ ನೀಲಿ ಪೆನ್ಸಿಲ್ಲಿನ ಎರಡು ತುಂಡುಗಳಿವೆ. ಮುರಿದವಳು ನಾನೇ.

ಇಷ್ಟು ಓದಿ ಈ ಕಾಗದವನ್ನು ಹರಿಯಬೇಕು ಅನ್ನಿಸಿದರೆ ಹರಿ. ಕೂಗಬೇಕು ಅನ್ನಿಸಿದರೆ ಕೂಗು. ಆ ಕೋಣೆಯಲ್ಲಿ ಕೇಳುವವರಿಲ್ಲ. ಹಿಂಬಾಗಿಲಲ್ಲಿ ದೀಪದ ಮಾಮ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಇಳಿಯಲು ಮೂರು ಮೆಟ್ಟಿಲು. ನಿಧಾನ. ಅವನ ಭುಜ ಹಿಡಿದುಕೋ. ಇವತ್ತು ಬಿಕ್ಕಳಿಕೆ ನಟಿಸುವ ಅಗತ್ಯವಿಲ್ಲ. ಯಾರಾದರೂ ಕೇಳಿದರೆ ಹೇಳು: ಕುಡಿದಿಲ್ಲ ಕಣಯ್ಯಾ, ಹುಷಾರಿಲ್ಲ. ಇಡೀ ಜನ್ಮದಲ್ಲಿ ನೀನು ಆಡದ ಸಂಭಾಷಣೆ ಅದೊಂದೇ.

ನಾನು ಕಿರಿಯಳು, ಹರಸುವ ಪಾರ್ಟು ನನ್ನದಲ್ಲ. ಆದರೂ ಇವತ್ತು ಹಲ್ಲು ಕಚ್ಚಿಕೊಂಡೇ ಹರಸುತ್ತೇನೆ: ನಿನ್ನ ಎದೆ ಸಡಿಲವಾಗಲಿ. ಮುಂದೊಂದು ದಿನ ಬರೀ ಟಾರ್ಚಿನ ಬೆಳಕಲ್ಲಿ ನೀನು ಉಸಿರೆಳೆದುಕೊಳ್ಳುವಾಗ, ಆ ಹಾಳು ನರ ಕೆಳಗಿಳಿಯುವುದನ್ನು ನಾನು ಕಣ್ಣಾರೆ ನೋಡುವಂತಾಗಲಿ. ಚಪ್ಪಾಳೆ ನಾನೊಬ್ಬಳೇ ತಟ್ಟುತ್ತೇನೆ. ಸಾಕು ನಿನಗೆ.

ಏಳನೇ ನಂಬರಿನ ಖಾಲಿ ಹಾಸಿಗೆಯನ್ನು ಯಾರಿಗೂ ಬಿಟ್ಟುಕೊಡದೆ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವ,

ನಿನ್ನ ಬಣ್ಣದ ಡಬ್ಬಿ