ಹಳೆಯ ಗಾಳಿ ಹೋಗುವ ದಾರಿ

೩೧ ಫೆಬ್ರವರಿ ೨೪೧೯
ಏಳನೆಯ ಬೆಳೆಮನೆ, ನೆಲದಿಂದ ಇನ್ನೂರು ಮೊಳ ಕೆಳಗೆ

ಕಿಟಕಿ ಇರುವ ಕೋಣೆಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದೇ ದಿನ. ಹೆಚ್ಚಾದದ್ದನ್ನು ವರ್ಷದ ಕೊನೆಗೆ ಕತ್ತರಿಸಿ ಹಾಕುತ್ತೇವೆ. ಬಿಸಿಲನ್ನೇ ಕಾಣದವರಿಗೆ ಯಾವ ತಿಂಗಳಾದರೇನು? ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಾನೂರು ವರ್ಷ ಹಳೆಯ ಕಾಗದದ ಕಟ್ಟಿನಲ್ಲಿ ನಿಮ್ಮದೊಂದು ಹಾಳೆ ಸಿಕ್ಕಿತು. ಮನೆಯ ಹಿಂದಿನ ಕೋಣೆಯಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆಸಲು ಹೊರಟಿದ್ದೀರಂತೆ; ಒಳಗೆ ಗಾಳಿಯಾಡುವುದಿಲ್ಲ, ಫ್ಯಾನನ್ನು ಎಲ್ಲಿ ಕೂರಿಸಲಿ ಎಂದು ಯಾರನ್ನೋ ಕೇಳಿದ್ದೀರಿ. ಆ ಕೋಣೆಗೆ ಕಿಟಕಿ ಇದೆಯೆಂದೂ, ಧೂಳು ಬರುತ್ತದೆಂದು ಅದನ್ನು ಮುಚ್ಚಿಟ್ಟಿದ್ದೀರೆಂದೂ ಬರೆದಿದ್ದೀರಿ. ಓದಿ ನನ್ನ ಹೊಟ್ಟೆ ಉರಿದುಹೋಯಿತು. ಕಿಟಕಿಯಂತೆ, ಮುಚ್ಚಿಟ್ಟಿದ್ದಾರಂತೆ! ಎರಡು ದಿನ ನಿಮ್ಮನ್ನು ಬೈದುಕೊಂಡೇ ಓಡಾಡಿದೆ. ನನ್ನದು ಹೊಟ್ಟೆಕಿಚ್ಚಿನ ಸ್ವಭಾವ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾವಿರುವುದು ರಾಯಚೂರು ಸೀಮೆಯ ಒಂದು ಹಳೆಯ ಗಣಿಯ ಒಳಗೆ. ಮೇಲಿನ ಸೆಕೆಗೆ ಅಲ್ಲಿ ಯಾರೂ ಬದುಕುವುದಿಲ್ಲ. ಕಲ್ಲು ಕೊರೆದು ಮಾಡಿದ ನಲವತ್ತು ಬೆಳೆಮನೆಗಳಲ್ಲಿ ದೀಪದ ಬೆಳಕಿಗೆ ಅವರೆ, ಪುಂಡಿಪಲ್ಯ, ಮೆಂತ್ಯ ಬೆಳೆಯುತ್ತೇವೆ. ಮೇಲಿನಿಂದ ಗಾಳಿ ಇಳಿಸಿ, ತಣಿಸಿ, ಸೋಸಿ ಮನೆಮನೆಗೆ ಅಳೆದು ಕೊಡುತ್ತಾರೆ. ಅದಕ್ಕೆ ಉಸಿರುಪಾಲು ಎನ್ನುತ್ತೇವೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಒಂದು ದಿನದ ಉಸಿರುಪಾಲನ್ನು ಉಡುಗೊರೆ ಕೊಡುವುದುಂಟು. ಬಾಗಿಲನ್ನು ಒಬ್ಬರು ನುಸುಳುವಷ್ಟೇ ತೆರೆಯಬೇಕು. ಬಂದ ಗಾಳಿಯನ್ನು ಹೊರಗೆ ಬಿಡುವುದಕ್ಕಿಂತ ದೊಡ್ಡ ತಪ್ಪಿಲ್ಲ. ಜಗಳ ತಾರಕಕ್ಕೇರಿದಾಗ ಹೆಂಗಸರು ಒಬ್ಬರನ್ನೊಬ್ಬರು 'ಗಾಳಿ ಬಿಟ್ಟವಳೇ' ಎಂದೇ ಬೈಯುವುದು. ಹೀಗಾಗಿ ನಮ್ಮ ಬೆಳೆಮನೆಗಳಿಗೆ ಗಾಳಿ ಒಳಗೆ ಬರುವ ಕೊಳವೆ ಇತ್ತು, ಹೊರಗೆ ಹೋಗುವ ದಾರಿ ಇರಲಿಲ್ಲ. ನೂರಾರು ವರ್ಷ ಯಾರಿಗೂ ಅದು ತಪ್ಪೆಂದು ಹೊಳೆದಿರಲಿಲ್ಲ.

ಎಂಟನೆಯ ಬೆಳೆಮನೆ ನನ್ನ ಓರಗಿತ್ತಿ ದ್ಯಾಮವ್ವನದಾಗಿತ್ತು. ನನ್ನ ಗಂಡನ ತಮ್ಮನ ಹೆಂಡತಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ಈ ಮನೆಗೆ ಬಂದ ದಿನದಿಂದ ಅವಳ ರೊಟ್ಟಿ ತೆಳು, ಅವಳ ಮಾತು ಸಿಹಿ. ಅತ್ತೆಯ ಬಾಯಲ್ಲಿ ಅವಳದೇ ಜಪ. ಅದನ್ನೂ ನುಂಗಿಕೊಂಡಿದ್ದೆ. ಆದರೆ ನನ್ನ ಏಳನೆಯ ಬೆಳೆಮನೆಯಲ್ಲಿ ಎರಡು ಬಿತ್ತನೆ ಬೂಷ್ಟು ಹಿಡಿದು ಕೊಳೆತವು; ಗೋಡೆಯಿಂದ ನೀರು ಇಳಿಯುತ್ತಿತ್ತು, ಎಲೆಗಳು ಹಳದಿಯಾಗಿ ನೇತುಬಿದ್ದಿದ್ದವು. ಒಂದು ಗೋಡೆಯಾಚೆ ಅವಳ ಅವರೆ ಬಳ್ಳಿ ಚಪ್ಪರ ಹತ್ತಿತ್ತು. ಮೂರನೆಯ ಬಿತ್ತನೆಯೂ ಹೋದರೆ ನನ್ನನ್ನು ತಳದ ನೀರುಮನೆಗೆ ಕಳಿಸುತ್ತಾರೆ. ಅಲ್ಲಿ ದಿನವಿಡೀ ಮೊಳಕಾಲು ನೀರಿನಲ್ಲಿ ನಿಂತು ಕೆಸರು ಬಾಚುವ ಕೆಲಸ. ಒಂದು ಮಧ್ಯಾಹ್ನ ಅವಳು ಬಂದು ಬಾಗಿಲು ಬಡಿದಳು. ಮಡಿಲಲ್ಲಿ ಅವರೆಕಾಯಿ ತಂದು ಮೆರೆಯಲು ಬಂದಿದ್ದಾಳೆ ಎಂದುಕೊಂಡು ಉಸಿರು ಬಿಗಿಹಿಡಿದು ಒಳಗೇ ಕುಳಿತೆ. ಬಹಳ ಹೊತ್ತು ನಿಂತಿದ್ದು ಹೋದಳು.

ಮಾರನೆಯ ದಿನವೇ ಪಂಚರ ಹತ್ತಿರ ಹೋಗಿ, ದ್ಯಾಮವ್ವ ನನ್ನ ಉಸಿರುಪಾಲು ಕದಿಯುತ್ತಿದ್ದಾಳೆ ಎಂದು ದೂರು ಕೊಟ್ಟೆ. ಅವರು ಬಂದು ತಡಕಿದರು. ಕದ್ದ ಗಾಳಿ ಸಿಗಲಿಲ್ಲ, ಅದಕ್ಕಿಂತ ದೊಡ್ಡದು ಸಿಕ್ಕಿತು: ಒಳಬರುವ ಕೊಳವೆಗೆ ಎದುರು ಗೋಡೆಯಲ್ಲಿ, ಸೂರಿಗೆ ಹತ್ತಿದಂತೆ ಒಂದು ಕಿಂಡಿ, ಅದರಲ್ಲಿ ಪುಟ್ಟ ಫ್ಯಾನು, ಒಳಗಿನ ಗಾಳಿಯನ್ನು ಹಾಳು ಸುರಂಗಕ್ಕೆ ದಬ್ಬುತ್ತಿತ್ತು. ಪಂಚರ ಮುಖ ಕಪ್ಪಿಟ್ಟಿತು. ನನಗೆ ಕುಣಿಯಬೇಕೆನಿಸಿತು. ಆದರೆ ಅಲ್ಲಿ ನಿಂತಿದ್ದಾಗ ನನ್ನ ಕೆನ್ನೆಗೆ ಏನೋ ತಣ್ಣಗೆ ಸವರಿತು. ನೋಡಿದರೆ ಎಲೆಗಳೆಲ್ಲ ಮೆಲ್ಲಗೆ ಅಲ್ಲಾಡುತ್ತಿದ್ದವು. ಎಲೆ ಅಲ್ಲಾಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ದ್ಯಾಮವ್ವ ಪಂಚರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ಯಕ್ಕಾ, ಹಳೀ ಗಾಳಿ ಹೋದ್ರನ ಹೊಸಾದಕ್ಕ ಜಾಗ ಆಕ್ಕೈತಿ. ಹೇಳಾಕಂತ ನಿನ್ನ ಮನೀಗಿ ಬಂದಿದ್ನಿ. ನೀ ಬಾಗ್ಲಾ ತಗೀಲಿಲ್ಲ."

ಅವಳನ್ನು ನೀರುಮನೆಗೆ ಇಳಿಸಿದರು. ಕಿಂಡಿ ಮುಚ್ಚಿಸಿ ಎಂಟನೆಯ ಮನೆಯನ್ನೂ ನನಗೇ ಒಪ್ಪಿಸಿದರು. ಹನ್ನೆರಡು ದಿನಕ್ಕೆ ಅಲ್ಲಿಯೂ ಬೂಷ್ಟು ಬಂತು. ಆಗ ನಾನು ಮಾಡಿದ ಕೆಲಸ ಕೇಳಿ. ಪಂಚರ ಮುಂದೆ ಹೋಗಿ, ನನಗೊಂದು ಯೋಚನೆ ಹೊಳೆದಿದೆ, ಪರೀಕ್ಷೆಗೆಂದು ಒಂದು ಕಿಂಡಿ ಕೊರೆಯಲು ಅಪ್ಪಣೆ ಕೊಡಿ ಎಂದೆ. ದ್ಯಾಮವ್ವನ ಕಿಂಡಿ ಅವರ ಲೆಕ್ಕದಲ್ಲಿ ಬರೀ ಅಪರಾಧ; ಗಾಳಿ ಬಿಟ್ಟವಳನ್ನು ಹಿಡಿದುಕೊಟ್ಟ ನನ್ನ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ, ಒಪ್ಪಿದರು. ಈಗ ಎರಡೂ ಮನೆಗಳಿಗೆ ಕಿಂಡಿಯಾಗಿ, ಬೆಳೆ ಎದ್ದು ನಿಂತಿದೆ. ನಾಳೆ ಸಭೆ ಕರೆದಿದ್ದಾರೆ, ನಲವತ್ತು ಮನೆಯವರಿಗೂ ನಾನು ಅದನ್ನು ಕಲಿಸಬೇಕಂತೆ. ನನ್ನ ಹೆಸರಿಟ್ಟು 'ಹುಲಿಗೆವ್ವನ ಕಿಂಡಿ' ಎಂದು ತಗಡಿನ ಮೇಲೆ ಕೆತ್ತಿಸಿಯೂ ಆಗಿದೆ. ನೀರುಮನೆಯವರನ್ನೂ ಊಟಕ್ಕೆ ಕರೆದಿದ್ದಾರೆ, ಅವಳೂ ಬರುತ್ತಾಳೆ.

ನಿಮ್ಮ ಪ್ರಶ್ನೆಗೆ ಉತ್ತರ ಇದು. ಹೊಸ ಗಾಳಿಯನ್ನು ಒಂದು ಕಡೆ ನೆಲದ ಹತ್ತಿರ ಒಳಗೆ ಬಿಡಿ, ಆ ಕಿಂಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಧೂಳು ನಿಲ್ಲುತ್ತದೆ. ಬಿಸಿಯಾದ ಹಳೆಯ ಗಾಳಿಯನ್ನು ಎದುರು ಗೋಡೆಯ ಮೇಲ್ಭಾಗದಿಂದ ಹೊರಗೆ ಎಳೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬಂದ ಗಾಳಿ ಗಿಡ ಮುಟ್ಟದೆ ಹಾಗೆಯೇ ಹೊರಟುಹೋಗುತ್ತದೆ. ಹೊರಗೆಳೆಯುವ ಫ್ಯಾನು ಒಂದಿಷ್ಟು ಜೋರಾಗಿರಲಿ. ಎಲೆ ಅಲ್ಲಾಡಬೇಕು, ಬಾಗಬಾರದು.

ಇದೆಲ್ಲ ದ್ಯಾಮವ್ವ ಕಂಡುಕೊಂಡದ್ದು, ನಾನು ಕದ್ದದ್ದು. ನಾಳೆ ಸಭೆಯಲ್ಲಿ ಹೇಳಬೇಕಾದ ಮಾತು ಇಷ್ಟೇ. ನಿಮಗೆ ಬರೆದು ರೂಢಿ ಮಾಡಿಕೊಳ್ಳೋಣವೆಂದು ಕುಳಿತೆ, ಬರೆಯುವಾಗಲೇ ಕೈ ಹಿಂದೆ ಸರಿಯುತ್ತಿದೆ. ಹೇಳಿದರೆ ಅವಳು ಮೇಲೆ ಬರುತ್ತಾಳೆ, ಮತ್ತೆ ಎಲ್ಲರ ಬಾಯಲ್ಲೂ ಅವಳದೇ ಹೆಸರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅವಳು ಅಲ್ಲಿ ಮೊಳಕಾಲು ನೀರಿನಲ್ಲಿ ನಿಂತಿರುವುದನ್ನು ನೆನೆದರೂ ಸಂಕಟವೇ.

ಅದಕ್ಕೆ ನಿಮ್ಮಲ್ಲಿ ಒಂದು ಬೇಡಿಕೆ. ಈ ಕಾಗದವನ್ನು ಹರಿಯಬೇಡಿ. ನಿಮ್ಮ ಮಕ್ಕಳಿಗೆ, ಅವರು ಅವರ ಮಕ್ಕಳಿಗೆ ಕೊಟ್ಟು, ನಾಳೆಯ ಸಭೆಯ ಹೊತ್ತಿಗೆ ನಮ್ಮ ಪಂಚರ ಕೈಗೆ ಮುಟ್ಟುವಂತೆ ಮಾಡಿ. ನಾನು ಹೇಳದೆ ಹೋದರೆ, ನೀವು ಹೇಳಿ.

ಹುಲಿಗೆವ್ವ