ಪೈಪ್ ಹಿಡಿದವಳು

ಎದ್ದೆಯಾ, ಮಹಾರಾಯ?

ತಿಂಡಿ ಮುಚ್ಚಿಟ್ಟಿದ್ದೇನೆ, ಹೊಟ್ಟೆ ತುಂಬ ತಿನ್ನು. ಇವತ್ತು ಬೇಕಾಗುತ್ತದೆ.

ನಿನ್ನೆ ಅಪಾರ್ಟ್‌ಮೆಂಟ್ ಮ್ಯಾನೇಜರ್ ಸಿಕ್ಕಿದ್ದರು. ಈಜುಕೊಳ ಪೂರ್ತಿ ನೀನೊಬ್ಬನೇ ಉಜ್ಜಿದೆಯಂತೆ. "ಅಕ್ಕ ಸುಮ್ನೆ ಪೈಪ್ ಹಿಡ್ಕೊಂಡು ನಿಂತಿದ್ಲು ಸರ್" ಅಂದೆಯಂತೆ. ಮೂರು ದಿನ ಮಂಡಿಯೂರಿ ಟೈಲ್ಸ್ ಸಂದಿಯ ಪಾಚಿ ಕೆರೆದವಳು ನಾನು. ಪೈಪ್ ಹಿಡಿದು, ಮೆಟ್ಟಿಲ ಮೇಲೆ ಕೂತು ಫೋನ್ ನೋಡಿದವನು ನೀನು.

ನಾನು ಜಗಳ ಆಡಲಿಲ್ಲ. "ಹೌದು ಸರ್, ಅವನ ಕೆಲಸಕ್ಕೆ ಇನ್ನೊಬ್ರು ಕೈ ಹಾಕಿದ್ರೆ ಅವನಿಗಾಗಲ್ಲ" ಅಂದೆ. ಅವರಿಗೆ ಖುಷಿಯೋ ಖುಷಿ. ಸೀಸನ್ ಮುಗಿಯಿತಲ್ಲ, ಹಿಂದಿನ ಬ್ಲಾಕಿನ ದೊಡ್ಡ ಕೊಳದ ನೀರನ್ನೂ ಆಗಲೇ ಖಾಲಿ ಮಾಡಿಸಿದ್ದಾರೆ. ಒಂಬತ್ತಕ್ಕೆ ನೀನು ಅಲ್ಲಿರಬೇಕು. ಒಬ್ಬನೇ.

ಉದ್ದ ಹಿಡಿಯ ಬ್ರಶ್ ನಾನು ತೆಗೆದುಕೊಂಡು ಹೋಗುತ್ತಿದ್ದೇನೆ. ನಿನ್ನ ಪಾಲಿಗೆ ಕೈ ಬ್ರಶ್ ಬಕೆಟ್ಟಿನಲ್ಲಿದೆ. ಆಸಿಡ್ ಮುಟ್ಟುವ ಮುಂಚೆ ಗ್ಲೌಸ್ ಹಾಕಿಕೋ, ಮರೆತೀಯ. ನನ್ನ ಸಿಟ್ಟೆಲ್ಲ ನಿನ್ನ ನಾಲಿಗೆಯ ಮೇಲೆ, ಕೈಯ ಮೇಲಲ್ಲ.

ಸಂಜೆ ನೀರು ಬಿಟ್ಟು ತೊಳೆಯುವಾಗ ಕರೆ, ಖಂಡಿತ ಬರುತ್ತೇನೆ. ಮೆಟ್ಟಿಲ ಮೇಲೆ ಕೂತು ಪೈಪ್ ಹಿಡಿಯುತ್ತೇನೆ. ಫೋನಿಗೆ ಈಗಲೇ ಫುಲ್ ಚಾರ್ಜ್ ಹಾಕಿಕೊಂಡಿದ್ದೇನೆ.