ನೀಲಿ ಪೆಡಲ್ಲಿಗೆ ಇಟ್ಟ ಕುಂಕುಮ

ಪ್ಲೆಸೆಂಟನ್,
ಶನಿವಾರ, 11 ಅಕ್ಟೋಬರ್ 2025

ಪ್ರೀತಿಯ ಯಜಮಾನರಿಗೆ,

ಹೀಗೆ ಕರೆದರೆ ನಿಮಗೆ ನಗು ಬರುತ್ತದೆಂದು ಗೊತ್ತು. ನಗಲಿ ಎಂದೇ ಬರೆದೆ. ಕತ್ತು ನೋವು ಹೇಗಿದೆ? ಹೋಟೆಲಿನ ದಿಂಬು ದಪ್ಪವಿದ್ದರೆ ಪಕ್ಕಕ್ಕಿಟ್ಟು, ಟವೆಲ್ ಮಡಚಿ ತಲೆಯಡಿ ಇಟ್ಟುಕೊಳ್ಳಿ. ಊಟಕ್ಕೇನು ಮಾಡುತ್ತಿದ್ದೀರಿ? ಫೋನಿನಲ್ಲಿ ಕೇಳಿದರೆ "ಆಯ್ತು ಕಣೆ, ಆಯ್ತು" ಅನ್ನುತ್ತೀರಿ, ಏನು ತಿಂದಿರೆಂದು ಮಾತ್ರ ಹೇಳುವುದಿಲ್ಲ. ನಿಮ್ಮ ಆಫೀಸಿನ ಜಯರಾಮ್ ನಾಳೆ ನೀವಿರುವ ನ್ಯಾಶ್‌ವಿಲ್‌ಗೇ ಹೊರಟಿದ್ದಾರೆ. ಅವರ ಕೈಯಲ್ಲಿ ಚಕ್ಕುಲಿ, ಚಟ್ನಿಪುಡಿ, ಜೊತೆಗೆ ಈ ಕಾಗದ ಕಳಿಸುತ್ತಿದ್ದೇನೆ. ಚಕ್ಕುಲಿಯನ್ನು ಮೀಟಿಂಗಿನಲ್ಲಿ ಹಂಚಿ ಧರ್ಮರಾಯ ಆಗಬೇಡಿ, ನೀವು ತಿನ್ನಿ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಕುಂಡದ ಕರಿಬೇವು ಕೊನೆಗೂ ಚಿಗುರಿದೆ. ಶನಿವಾರದ ವೀಣೆ ಕ್ಲಾಸಿಗೆ ಇನ್ನೊಬ್ಬಳು ಹುಡುಗಿ ಸೇರಿದ್ದಾಳೆ, ಬೆರಳು ಒಳ್ಳೆಯದು, ಬಾಯಿ ಸ್ವಲ್ಪ ಜಾಸ್ತಿ. ಮಾನ್ಯಾ ನಿಮ್ಮ ಕುರ್ಚಿಯಲ್ಲೇ ಕೂತು ಹೋಂವರ್ಕ್ ಮಾಡುತ್ತಾಳೆ. ಏಕೆಂದು ಕೇಳಿದರೆ "ಇಟ್ಸ್ ಜಸ್ಟ್ ಕಂಫರ್ಟಬಲ್, ಅಮ್ಮಾ" ಅನ್ನುತ್ತಾಳೆ. ಅಪ್ಪ ಬೇಕು ಎನ್ನುವುದಕ್ಕೆ ಅವಳ ಭಾಷೆ ಅದು.

ಊಟದ ಮೇಜು ಈಗ ಖಾಲಿ, ನನಗೆ ಅದೇ ಬೇಜಾರು. ಒಂಬತ್ತು ತಿಂಗಳಿಂದ ಅಲ್ಲಿ ಆ ಹಳೆಯ ನೀಲಿ ಕೋರಸ್ ಪೆಡಲ್ಲು, ಪಕ್ಕದಲ್ಲಿ ನಿಮ್ಮ ಕಂಪನಿಯ ಮಾಡೆಲರು ಎಂಬ ಪೆಟ್ಟಿಗೆ ಇದ್ದವು. ಗಿಟಾರಿನವರು ಕಾಲಲ್ಲಿ ಒತ್ತುವ ಹತ್ತಾರು ಪೆಡಲ್ಲುಗಳ ಸದ್ದನ್ನು ಕಂಪ್ಯೂಟರಿನ ಲೆಕ್ಕವಾಗಿಸಿ ಒಂದೇ ಪೆಟ್ಟಿಗೆಯಲ್ಲಿ ತುಂಬುವುದು ನಿಮ್ಮ ಕೆಲಸ ಎಂದು ನನ್ನ ಅಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ. ಕೋರಸ್ ಎಂದರೇನು ಎಂದಾಗ ಮಾತ್ರ ಒಳ್ಳೆಯ ಉತ್ತರ ಕೊಟ್ಟೆ. ಇಬ್ಬರು ಹೆಂಗಸರು ಒಟ್ಟಿಗೆ ಆರತಿ ಹಾಡು ಹೇಳುವಾಗ ಒಬ್ಬಳ ದನಿ ಕೂದಲೆಳೆಯಷ್ಟು ಹಿಂದೆ ಮುಂದೆ ಓಲಾಡುತ್ತದಲ್ಲ, ಒಂದೇ ಗಿಟಾರಿಗೆ ಹಾಗೆ ಮಾಡುವ ಪೆಡಲ್ಲು ಅದು ಎಂದೆ. ಅಮ್ಮನಿಗೆ ತಕ್ಷಣ ಅರ್ಥವಾಯಿತು.

ಸೆಪ್ಟೆಂಬರಿನಲ್ಲಿ ನೀವು ನನ್ನ ಕಣ್ಣಿಗೆ ದುಪಟ್ಟಾ ಕಟ್ಟಿ ಪರೀಕ್ಷೆ ಇಟ್ಟಿರಲ್ಲ, ಯಾವುದು ಪೆಡಲ್ಲು, ಯಾವುದು ಮಾಡೆಲರು ಎಂದು. ಇಪ್ಪತ್ತು ವರ್ಷ ವೀಣೆ ಕಲಿಸಿದ ಕಿವಿ ಹತ್ತರಲ್ಲಿ ಆರು ಸಲ ಸೋತಿತು. ನೀವು ಮಾನ್ಯಾಳನ್ನು ಹಿಡಿದು ಕುಣಿದಿರಿ. ದಸರಾ ಹಬ್ಬ ಮುಗಿದ ಮರುದಿನ ಮತ್ತೆ ಅದೇ ಪರೀಕ್ಷೆ ಮಾಡಿದರೆ, ಮೊದಲ ಮೀಟಿಗೇ ನನಗೆ ಗೊತ್ತಾಗಿಹೋಯಿತು. ಮಾಡೆಲರಿನದು ನಿಧಾನವಾದ ಓಲಾಟ, ಪೆಡಲ್ಲಿನದು ಬಿರುಸು ನಡುಕ. ಆವತ್ತಿನ ನಿಮ್ಮ ಮುಖ ನನಗೆ ಇನ್ನೂ ಮರೆತಿಲ್ಲ. ಒಂದು ವಾರ ನಿಮ್ಮ ಲೆಕ್ಕವನ್ನೇ ಅಗೆದು ನೋಡಿದಿರಿ. ತಪ್ಪು ಯಾರದೇ ಇರಲಿ, ಮೊದಲು ನಿಮ್ಮದೇ ಅಂದುಕೊಳ್ಳುವ ಜಾಯಮಾನ. ಗುರುವಾರ ಏರ್‌ಪೋರ್ಟಿನಲ್ಲಿ, "ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ಕಣೆ. ಮಂಗಳವಾರ ಮೀಟಿಂಗಲ್ಲಿ ಕೋರಸ್ ತೆಗೆದುಹಾಕಿ ಅಂತೀನಿ. ಈ ಕೆಲಸಾನೂ ಬೇರೆಯವರಿಗೆ ಕೊಡಿ, ನನ್ನ ಕಿವಿ ಮೇಲೆ ನಂಗೇ ನಂಬಿಕೆ ಇಲ್ಲ" ಎಂದಿರಿ.

ಇದರ ಬಗ್ಗೆ ಒಂದು ಮಾತು ಹೇಳಲು ನಿನ್ನೆಯಿಂದ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನೀವು ಸ್ಪೀಕರಿಗೆ ಹಾಕಿದಿರಿ, ಹಿಂದೆ ನಾಲ್ಕು ಜನರ ಮಾತು. ನಾನು ಅಲ್ಲಿ ಚಳಿ ಇದೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಇಷ್ಟುದ್ದ ಬರೆದರೂ ಇನ್ನೂ ಧೈರ್ಯ ಬಂದಿಲ್ಲ ನೋಡಿ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮನೆಯಲ್ಲಿರಿ. ಜಯರಾಮ್ ಕಾರು ಬಂತೆಂದು ಮಾನ್ಯಾ ಕೂಗುತ್ತಿದ್ದಾಳೆ, ಅವರು ಡಬ್ಬಿಗಳನ್ನು ಇವತ್ತೇ ಒಯ್ಯುತ್ತಾರಂತೆ.

ನಿಮ್ಮ ದಾರಿ ಕಾಯುವ,
ಇಂದು

ಮರೆತೆ ಅನ್ನುವುದಿಲ್ಲ, ಹೆದರಿದೆ: ಪೆಡಲ್ಲಿನ ಗುಂಡಿ ತಿರುಗಿಸಿದ್ದು ನಾನು. ಆಯುಧಪೂಜೆಯ ದಿನ ನಿಮ್ಮ ತಾಯಿ ಫೋನಿನಲ್ಲಿ "ಅಚ್ಯುತನ ಸಾಮಾನಿಗೂ ಕುಂಕುಮ ಇಟ್ಯೇನೇ?" ಎಂದರು. ಕಾರು, ಮಿಕ್ಸಿ, ವೀಣೆ ಎಲ್ಲ ಆಗಿತ್ತು, ಅದೊಂದು ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ ಅರಿಶಿನ ಕುಂಕುಮ ಇಟ್ಟೆ. ನೀವು ಗುರುತಿಗೆ ಅಂಟಿಸಿದ್ದ ಬಿಳಿ ಟೇಪು ಕಿತ್ತುಬಂದಿತ್ತು, ಗುಂಡಿ ಎಲ್ಲಿ ನಿಂತಿತ್ತೋ ಅಲ್ಲಿಗೇ ಮತ್ತೆ ಅಂಟಿಸಿದೆ. ಅದು ನಿಮ್ಮ ಅಳತೆಯ ಗೆರೆ ಎಂದು ನನಗೇನು ಗೊತ್ತು! ನಿನ್ನೆ ಪೆಡಲ್ಲನ್ನು ಎತ್ತಿಡುವಾಗ ಟೇಪಿನ ಅಡಿಯಲ್ಲಿ ಅರಿಶಿನ ಕಂಡಾಗಲೇ, ಒರೆಸುವಾಗ ಗುಂಡಿ ತಿರುಗಿಹೋಗಿತ್ತೆಂದು ಹೊಳೆಯಿತು. ಸೆಪ್ಟೆಂಬರಿನಲ್ಲಿ ಮಾನ್ಯಾ ತೆಗೆದ ವಿಡಿಯೋ ನೋಡಿ ಗುಂಡಿಯನ್ನು ಹಳೆಯ ಜಾಗಕ್ಕೇ ತಿರುಗಿಸಿದೆ. ಅವಳು ಗಿಟಾರು ನುಡಿಸಿದಳು, ನಾನು ಕಣ್ಣು ಕಟ್ಟಿಕೊಂಡೆ. ಹತ್ತರಲ್ಲಿ ಆರು ಸಲ ಸೋತೆ. ನಿಮ್ಮ ಕೆಲಸವೂ ಸರಿಯಾಗಿದೆ, ಕಿವಿಯೂ ಸರಿಯಾಗಿದೆ. ಮಂಗಳವಾರ ಕೋರಸ್ ತೆಗೆಯಿರಿ ಅನ್ನಬೇಡಿ. ಮುಂದಿನ ವರ್ಷ ಅದನ್ನು ನೀವೇ ಒರೆಸಿ, ಕುಂಕುಮ ಮಾತ್ರ ನಾನೇ ಇಡುತ್ತೇನೆ.